ಹೂವಿನ ಪೆಟ್ಟಿಗೆ, ಗಲ್ಫಿನ ಸೂಟ್‌ಕೇಸು: ಬಜ್ಪೆಯ ಕಾರ್ಗೋ ಕಥೆ

ಉಡುಪಿ ಬಳಿಯ ಶಂಕರಪುರದ ಕಟ್ಟೆಯಲ್ಲಿ ಮಲ್ಲಿಗೆಗೆ ದರ ಕಟ್ಟುವುದು ಅಟ್ಟೆ ಲೆಕ್ಕದಲ್ಲಿ. 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಬೆಳಗ್ಗೆ ಕೊಯ್ದು ಬಾಳೆನಾರಿನಲ್ಲಿ ಕಟ್ಟಿದ ಈ ಹೂವಿಗೆ ಮುಂಬೈಯಲ್ಲೂ ಗಿರಾಕಿಗಳು, ಗಲ್ಫಿನಲ್ಲೂ ಗಿರಾಕಿಗಳು. ಆದರೆ ವಿಮಾನದವರಿಗೆ ಅಟ್ಟೆಯ ಲೆಕ್ಕ ಬೇಡ. ಅವರು ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಅಳೆದು ಗುಣಿಸಿ 6,000ದಿಂದ ಭಾಗಿಸುತ್ತಾರೆ. 60, 45, 40ರ ರಟ್ಟಿನ ಪೆಟ್ಟಿಗೆ ಅವರ ಪಾಲಿಗೆ 18 ಕಿಲೋ. ಒಳಗಿನ ಹೂವು ಎಂಟೇ ಕಿಲೋ ತೂಗಿದರೂ ಬಾಡಿಗೆ 18 ಕಿಲೋಗೇ. ಹಗುರವಾಗಿರುವುದೇ ಮಲ್ಲಿಗೆಯ ತಪ್ಪು.

ಜಗತ್ತಿನ ವ್ಯಾಪಾರದಲ್ಲಿ ವಿಮಾನ ಹೊರುವ ಸರಕು ಪ್ರಮಾಣದಲ್ಲಿ ಶೇ 1ಕ್ಕಿಂತ ಕಡಿಮೆ, ಮೌಲ್ಯದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ಮೊಬೈಲು, ಔಷಧಿಯಂಥ ದುಬಾರಿ ಸರಕಿಗೆ ಈ ಬಾಡಿಗೆ ಭಾರವಲ್ಲ. ಹೂವು, ಮೀನು, ತರಕಾರಿಗೆ ಭಾರವಾದರೂ ಹಡಗಿಗೆ ಕಾಯುವಷ್ಟು ಆಯುಸ್ಸಿಲ್ಲ. ಪಣಂಬೂರಿನಲ್ಲಿ ದೊಡ್ಡ ಬಂದರು ಇಟ್ಟುಕೊಂಡೂ ಕರಾವಳಿ ಬಜ್ಪೆಯ, ಅಂದರೆ ಮಂಗಳೂರು ವಿಮಾನ ನಿಲ್ದಾಣದ ಕಡೆ ನೋಡುವುದು ಅದಕ್ಕೇ.

ಬಜ್ಪೆಯ ಕಥೆ ಶುರುವಾದದ್ದು 1951ರ ಡಿಸೆಂಬರ್ 25ರಂದು, ನೆಹರೂ ಅವರಿದ್ದ ಡಕೋಟಾ ವಿಮಾನ ಇಳಿದಾಗ. ಗುಡ್ಡದ ನೆತ್ತಿಯನ್ನು ಸಮತಟ್ಟು ಮಾಡಿ ಹಾಕಿದ ರನ್‌ವೇ ಇದ್ದದ್ದು 1,615 ಮೀಟರ್. ಅರ್ಧ ಶತಮಾನ ಅದರಲ್ಲೇ ಕಳೆಯಿತು. 2006ರಲ್ಲಿ 2,450 ಮೀಟರಿನ ಎರಡನೇ ರನ್‌ವೇ ಬಂತು. ಅದೇ ವರ್ಷ ಅಕ್ಟೋಬರಿನಲ್ಲಿ ದುಬೈ ವಿಮಾನ ಹಾರಿತು. ಅಲ್ಲಿಯವರೆಗೆ ಮುಂಬೈಗೆ ಹೋಗಿ ಗಲ್ಫ್ ವಿಮಾನ ಹಿಡಿಯುತ್ತಿದ್ದವರಿಗೆ ಮನೆ ಬಾಗಿಲಿಗೇ ವಿಮಾನ ಬಂದ ಹಾಗಾಯಿತು.

ಸರಕಿನ ಮಟ್ಟಿಗೆ ಗಂಟು ಇರುವುದು ಇಲ್ಲೇ. ಬಜ್ಪೆಗೆ ಬಂದದ್ದು ಬೋಯಿಂಗ್ 737ರಂಥ ಸಪೂರ ವಿಮಾನಗಳು. ಸರಕಿಗೆ ಸಿಕ್ಕಿದ ಜಾಗ ಪ್ರಯಾಣಿಕರ ಕಾಲಡಿ. ಬೆಲ್ಲಿ ಎನ್ನುವ ಆ ಹೊಟ್ಟೆಯಲ್ಲಿ ಆಳು ನೆಟ್ಟಗೆ ನಿಲ್ಲಲಾಗುವುದಿಲ್ಲ. ಮೊಣಕಾಲೂರಿ ಒಂದೊಂದೇ ಪೆಟ್ಟಿಗೆ ಜೋಡಿಸಬೇಕು. ಇಂಧನ, ಪ್ರಯಾಣಿಕರು, ಅವರ ಲಗೇಜು ಮೊದಲು. ಉಳಿದ ತೂಕದಲ್ಲಿ, ಉಳಿದ ಜಾಗದಲ್ಲಿ ಕಾರ್ಗೋ. ಬೇಸಿಗೆಯಲ್ಲಿ ಗಾಳಿ ಬಿಸಿಯೇರಿ ತೆಳುವಾದಾಗ ಅದೇ ರನ್‌ವೇಯಿಂದ ಎತ್ತಬಹುದಾದ ತೂಕವೂ ಇಳಿಯುತ್ತದೆ. ಆಗ ಮೊದಲು ‘ಆಫ್‌ಲೋಡ್’ ಆಗುವುದು, ಅಂದರೆ ವಿಮಾನದಿಂದ ಇಳಿಯುವುದು ಕಾರ್ಗೋ.

ಗಲ್ಫಿಗೆ ಹೊರಟವರ ಲಗೇಜೆಂದರೆ ಸಣ್ಣದಲ್ಲ. ಟಿಕೇಟಿನ ಜೊತೆ ಸಿಗುವ 30 ಕಿಲೋದಲ್ಲಿ ಕುಚ್ಚಲಕ್ಕಿ, ಹಲಸಿನ ಹಪ್ಪಳ, ಒಣಮೀನು, ಮಿಡಿ ಉಪ್ಪಿನಕಾಯಿ, ಪಕ್ಕದ ಮನೆಯವರು ಮಗನಿಗೆಂದು ಕೊಟ್ಟ ಪೊಟ್ಟಣ. ಕರಾವಳಿಯ ಅತಿ ನಂಬಿಕಸ್ಥ ಏರ್ ಕಾರ್ಗೋ ಕಂಪನಿ ನಮ್ಮ ಗಲ್ಫ್ ಭಾವಂದಿರೇ ಎಂದರೆ ತಮಾಷೆಯಾದೀತು, ಸುಳ್ಳಾಗದು. ಹೂವಿನ ಪೆಟ್ಟಿಗೆಗೆ ಎದುರಾಳಿಯೂ ಅದೇ ಸೂಟ್‌ಕೇಸು.

ದೊಡ್ಡ ವಿಮಾನ ತರಿಸಬಹುದಲ್ಲ? 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ವಿಮಾನ ರನ್‌ವೇ ಮೀರಿ ಕಣಿವೆಗೆ ಉರುಳಿ 158 ಮಂದಿ ತೀರಿಕೊಂಡ ಮೇಲೆ, ಈ ಪ್ರಶ್ನೆಯನ್ನು ಯಾರೂ ಹಗುರವಾಗಿ ಕೇಳುವುದಿಲ್ಲ. ಸ್ಥಿರವಲ್ಲದ ಇಳಿತವನ್ನು ಕ್ಯಾಪ್ಟನ್ ಕೈಬಿಡದೇ ಹೋದದ್ದೇ ನೇರ ಕಾರಣ ಎಂದಿತು ತನಿಖೆ. ಹಾಗಿದ್ದರೂ ರನ್‌ವೇ ಮುಗಿದಲ್ಲಿ ಕಣಿವೆ ಇದೆಯೆನ್ನುವುದು ಬದಲಾಗದು. 2020ರ ಆಗಸ್ಟಿನಲ್ಲಿ ಕೋಯಿಕ್ಕೋಡಿನ ಟೇಬಲ್‌ಟಾಪ್‌ನಲ್ಲೂ, ಅಂದರೆ ಬಜ್ಪೆಯಂತೆಯೇ ಗುಡ್ಡದ ನೆತ್ತಿಯ ರನ್‌ವೇಯಲ್ಲೂ ಅವಘಡವಾಗಿ, ಅಲ್ಲಿಗೆ ಬರುತ್ತಿದ್ದ ಅಗಲದ ವಿಮಾನಗಳೂ ನಿಂತವು. ನೆರೆಯ ಕಣ್ಣೂರಿನಲ್ಲೋ, 2018ರಲ್ಲಿ ತೆರೆದ ನಿಲ್ದಾಣಕ್ಕೆ 3,050 ಮೀಟರ್ ರನ್‌ವೇ. ಬಜ್ಪೆಯ ರನ್‌ವೇ ಉದ್ದ ಮಾಡುವ ಮಾತು, ಅದಕ್ಕೆ ಬೇಕಾದ ಜಾಗದ ಮಾತು ವರ್ಷಗಟ್ಟಲೆ ನಡೆದೇ ಇದೆ.

ಕೊರೋನಾ ಈ ವ್ಯವಸ್ಥೆಯ ಹುಳುಕನ್ನು ಹೊರಗೆ ಹಾಕಿತು. 2020ರ ಮಾರ್ಚಿನಲ್ಲಿ ಪ್ರಯಾಣಿಕ ವಿಮಾನ ನಿಂತಾಗ ಬೆಲ್ಲಿಯೂ ನಿಂತಿತು. ಜಗತ್ತಿನಾದ್ಯಂತ ಬಾಡಿಗೆ ಗಗನಕ್ಕೇರಿತು, ಕೆಲವು ಕಂಪನಿಗಳು ಸೀಟು ಕಿತ್ತು ಪೆಟ್ಟಿಗೆ ತುಂಬಿದವು. ದೇಶದ ನಿಗದಿತ ಅಂತರರಾಷ್ಟ್ರೀಯ ಹಾರಾಟ ಮತ್ತೆ ಶುರುವಾದದ್ದು 2022ರ ಮಾರ್ಚ್ 27ಕ್ಕೆ. ಸರಕು ಮಾತ್ರ ಹೊರುವ ವಿಮಾನಕ್ಕೆ ಬೆಲೆ ಬಂದದ್ದು ಈ ಎರಡು ವರ್ಷಗಳಲ್ಲಿ. ಆದರೆ ಅದೇ 2020ರಲ್ಲಿ ಕೇಂದ್ರ ಸರ್ಕಾರ ವಿದೇಶಿ ಚಾರ್ಟರ್ (ವೇಳಾಪಟ್ಟಿಯಿಲ್ಲದೆ, ಬೇಕಾದಾಗ ಗೊತ್ತುಮಾಡುವ) ಸರಕು ವಿಮಾನಗಳನ್ನು ಆರು ನಿಲ್ದಾಣಗಳಿಗೆ ಸೀಮಿತಗೊಳಿಸಿತು: ದೆಹಲಿ, ಮುಂಬೈ, ಚೆನ್ನೈ, ಕೋಲ್ಕತ್ತ, ಬೆಂಗಳೂರು, ಹೈದರಾಬಾದ್. ದೇಶದ ಕಂಪನಿಗಳಿಗೆ ಅವಕಾಶ ಕೊಡಬೇಕೆಂಬ ವಾದ ತಪ್ಪೆನ್ನಲಾರೆ. ಸಣ್ಣ ನಿಲ್ದಾಣಗಳ ಬಾಗಿಲು ಮುಚ್ಚಿದ್ದಂತೂ ನಿಜ.

2020ರ ಅಕ್ಟೋಬರ್ ಕೊನೆಗೆ ಬಜ್ಪೆ ನಿಲ್ದಾಣ ಅದಾನಿ ಸಮೂಹದ ಕೈಸೇರಿತು. 2023ರಲ್ಲಿ ಹೊಸ ಕಾರ್ಗೋ ಟರ್ಮಿನಲ್‌ನಿಂದ ದೇಶದೊಳಗಿನ ಸರಕು ಸಾಗಣೆ ಆರಂಭವಾಯಿತು. ಗೋದಾಮು, ತಪಾಸಣೆಯ ಯಂತ್ರ ಬೇಕಾದದ್ದೇ. ಆದರೆ ಹಟ್ಟಿ ದೊಡ್ಡದಾದ ಮಾತ್ರಕ್ಕೆ ಹಾಲು ಹೆಚ್ಚುವುದಿಲ್ಲ. ವಿಮಾನದ ಹೊಟ್ಟೆ ಅಷ್ಟೇ ಇದ್ದರೆ ಪೆಟ್ಟಿಗೆ ಗೋದಾಮಿನಲ್ಲಿ ತಣ್ಣಗೆ ಕಾಯುತ್ತದೆ, ಅಷ್ಟೆ.

ಕಾಯಲು ಆಗದ್ದು ಲಾರಿ ಹತ್ತುತ್ತದೆ. ಬೇಗ ಕೆಡುವ ಸರಕಿನ ರಫ್ತಿನಲ್ಲಿ ದೇಶದಲ್ಲೇ ಮುಂಚೂಣಿಯಲ್ಲಿರುವ ಬೆಂಗಳೂರಿನ ದೇವನಹಳ್ಳಿ ವಿಮಾನ ನಿಲ್ದಾಣಕ್ಕೆ ಇಲ್ಲಿಂದ ದಾರಿ ಶಿರಾಡಿ ಘಾಟಿಯ ಮೂಲಕ. ಜುಲೈಯಲ್ಲಿ ಗುಡ್ಡ ಜರಿದರೆ ಅದೂ ಬಂದ್, ಚಾರ್ಮಾಡಿ ಸುತ್ತಬೇಕು. ಮಲ್ಲಿಗೆಗೆ ಅಷ್ಟು ಹೊತ್ತಿಲ್ಲ. ಅದಕ್ಕೆ ಬಜ್ಪೆಯೇ ಆಗಬೇಕು, ಅಂದಿನ ವಿಮಾನವೇ ಆಗಬೇಕು. ಹಾಗಾಗಿ ಹೂವಿನ ಪೆಟ್ಟಿಗೆ ಕಟ್ಟುವವರು ವಿಚಾರಿಸಬೇಕಾದದ್ದು ಹೂವಿನ ದರವೊಂದನ್ನೇ ಅಲ್ಲ; ಇವತ್ತು ಲಗೇಜು ಜಾಸ್ತಿ ಉಂಟಾ ಎಂದೂ.