ಸೇನಾಪತಿಗಳ ಗಾಜು ಇಳಿದದ್ದು ಹೇಗೆ: ವಾಷಿಂಗ್ಟನ್ ಕೆಥೆಡ್ರಲ್‌ನ ಕಿಟಕಿಗಳ ಕಥೆ

ಅಮೆರಿಕದ ಅಂತರ್ಯುದ್ಧ ಮುಗಿದದ್ದು 1865ರಲ್ಲಿ. ಗುಲಾಮಗಿರಿ ಉಳಿಸಿಕೊಳ್ಳಲು ದೇಶದಿಂದ ಬೇರೆಯಾದ ದಕ್ಷಿಣದ ರಾಜ್ಯಗಳು ಸೋತವು. ಆ ಕಡೆಯ ಇಬ್ಬರು ಸೇನಾಪತಿಗಳು, ರಾಬರ್ಟ್ ಲೀ ಮತ್ತು ಸ್ಟೋನ್‌ವಾಲ್ ಜಾಕ್ಸನ್, ವಾಷಿಂಗ್ಟನ್‌ನ ನ್ಯಾಷನಲ್ ಕೆಥೆಡ್ರಲ್‌ನ ಬಣ್ಣದ ಗಾಜಿನಲ್ಲಿ ಬಂದು ಕೂತದ್ದು 1953ರಲ್ಲಿ. ಅಷ್ಟರಲ್ಲಿ 88 ವರ್ಷ ಕಳೆದಿತ್ತು. ಯುದ್ಧ ಮಾಡಿದವರು ಹೆಚ್ಚುಕಡಿಮೆ ಎಲ್ಲರೂ ತೀರಿಹೋಗಿದ್ದರು. ಹಾಗಾದರೆ ಆ ನೆನಪು ಯಾರಿಗೆ ಬೇಕಿತ್ತು?

ದಕ್ಷಿಣದ ಸೈನಿಕರ ವಂಶದ ಮಹಿಳೆಯರ ಸಂಘವೊಂದು ಇದಕ್ಕೆ ಹಣ ಕೊಟ್ಟಿತ್ತು. ಗಾಜಿನಲ್ಲಿ ಇಬ್ಬರೂ ದೈವಭಕ್ತರು. ಜಾಕ್ಸನ್ ಮಂಡಿಯೂರಿ ಪ್ರಾರ್ಥಿಸುತ್ತಿದ್ದ. ಗುಲಾಮಗಿರಿಯ ಸುಳಿವೇ ಇಲ್ಲ. ಕಪ್ಪು ಮಕ್ಕಳನ್ನು ಬೇರೆ ಶಾಲೆಯಲ್ಲಿ ಕೂರಿಸುವುದು ತಪ್ಪು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು ಮರುವರ್ಷ, 1954ರಲ್ಲಿ. ಈ ಎರಡು ವರ್ಷಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಕಿಟಕಿಗಳು ಯಾವ ಕಾಲದವು ಅಂತ ಗೊತ್ತಾಗುತ್ತದೆ, ಅಲ್ವಾ? ಮಾರ್ಟಿನ್ ಲೂಥರ್ ಕಿಂಗ್ ತಮ್ಮ ಕೊನೆಯ ಭಾನುವಾರದ ಪ್ರವಚನ ಕೊಟ್ಟದ್ದೂ ಇದೇ ಚರ್ಚಿನಲ್ಲಿ, 1968ರಲ್ಲಿ. ಆಗಲೂ ಕಿಟಕಿಗಳು ಅಲ್ಲೇ ಇದ್ದವು.

ಗೊಂದಲ ಶುರುವಾಗಿದ್ದು 2015ರ ಜೂನ್‌ನಲ್ಲಿ. ಚಾರ್ಲ್ಸ್‌ಟನ್‌ನ ಕಪ್ಪು ಜನರ ಚರ್ಚಿಗೆ ಬಂದ ಬಿಳಿಯ ಯುವಕನೊಬ್ಬ ಒಂಬತ್ತು ಜನರನ್ನು ಗುಂಡಿಟ್ಟು ಕೊಂದ. ಅವನು ದಕ್ಷಿಣದ ಧ್ವಜ ಹಿಡಿದ ಫೋಟೋಗಳು ಹೊರಬಂದವು. ಅದೇ ಧ್ವಜ ಕೆಥೆಡ್ರಲ್‌ನ ಗಾಜಿನಲ್ಲೂ ಇತ್ತು. ಕಿಟಕಿ ತೆಗೆಯಬೇಕು ಅಂತ ಅಲ್ಲಿನ ಡೀನ್, ಅಂದರೆ ಮುಖ್ಯ ಪಾದ್ರಿ, ಗ್ಯಾರಿ ಹಾಲ್ ಬಹಿರಂಗವಾಗಿಯೇ ಹೇಳಿದರು. ಸಮಿತಿ ಕೂತಿತು. 2016ರಲ್ಲಿ ತೀರ್ಮಾನ ಬಂತು: ಧ್ವಜ ಮಾತ್ರ ತೆಗೆಯೋಣ, ಸೇನಾಪತಿಗಳು ಸದ್ಯಕ್ಕೆ ಇರಲಿ, ಚರ್ಚೆ ನಡೆಯಲಿ. ಬಣ್ಣದ ಗಾಜಿನ ಕಿಟಕಿ ಅಂದರೆ ಸೀಸದ ಪಟ್ಟಿಗಳಲ್ಲಿ ಜೋಡಿಸಿದ ಚೂರುಗಳು. ಹಾಗಾಗಿ ಬೇಕಾದ ತುಂಡನ್ನಷ್ಟೇ ಬಿಡಿಸಿ ಬೇರೆಯದನ್ನು ಕೂರಿಸಬಹುದು. ಕೆಲಸ ಸುಲಭವಾಯಿತು, ಪ್ರಶ್ನೆ ಹಾಗೇ ಉಳಿಯಿತು. ಧ್ವಜ ತಪ್ಪಾದರೆ ಅದರಡಿ ಸೈನ್ಯ ನಡೆಸಿದವರು ಹೇಗೆ ಸರಿ?

ಚರ್ಚೆ ಮುಗಿಯುವಷ್ಟರಲ್ಲಿ 2017ರ ಆಗಸ್ಟ್ ಬಂತು. ಷಾರ್ಲಟ್ಸ್‌ವಿಲ್‌ನಲ್ಲಿ ಲೀ ಪ್ರತಿಮೆ ಉಳಿಸಬೇಕೆಂದು ಬಿಳಿಯ ಜನಾಂಗವಾದಿಗಳು ಸೇರಿದರು. ವಿರೋಧಿಸಿದವರ ಮೇಲೆ ಒಬ್ಬ ಕಾರು ನುಗ್ಗಿಸಿ ಒಬ್ಬ ಮಹಿಳೆಯನ್ನು ಕೊಂದ. ಸೆಪ್ಟೆಂಬರ್‌ನಲ್ಲಿ ಕೆಥೆಡ್ರಲ್ ಎರಡೂ ಕಿಟಕಿ ಇಳಿಸಿತು. ಎರಡು ವರ್ಷ ಕೂತು ಮಾತಾಡಿದರೂ ಆಗದ್ದು ಕೆಲವೇ ವಾರಗಳಲ್ಲಿ ಆಯಿತು.

ಇತಿಹಾಸ ಅಳಿಸುತ್ತಿದ್ದಾರೆ ಅನ್ನುವ ದೂರೂ ಜಾಸ್ತಿ ಕೇಳಿಬಂತು. ಆದರೆ ಗಾಜನ್ನು ಯಾರೂ ಒಡೆದಿಲ್ಲ. ಲೀ ಕಿಟಕಿ ಆಮೇಲೆ ಸ್ಮಿತ್ಸೋನಿಯನ್‌ನ ಆಫ್ರಿಕನ್ ಅಮೆರಿಕನ್ ವಸ್ತುಸಂಗ್ರಹಾಲಯದ ಪ್ರದರ್ಶನದಲ್ಲೂ ಇತ್ತು. ಪೂಜೆಯ ಜಾಗದಲ್ಲಿ ಇಡುವುದಕ್ಕೂ ಮ್ಯೂಸಿಯಂನಲ್ಲಿ ಇಡುವುದಕ್ಕೂ ವ್ಯತ್ಯಾಸ ಇದೆ.

ಖಾಲಿ ಜಾಗಕ್ಕೆ ಚಿತ್ರ ಬಿಡಿಸಿದವರು ಕಪ್ಪು ಚಿತ್ರಕಲಾವಿದ ಕೆರ್ರಿ ಜೇಮ್ಸ್ ಮಾರ್ಷಲ್. ಬಣ್ಣದ ಗಾಜು ಅವರಿಗೆ ಹೊಸದು. 2023ರ ಸೆಪ್ಟೆಂಬರ್‌ನಲ್ಲಿ ಹೊಸ ಕಿಟಕಿಗಳು ಬಂದವು: ಫಲಕ ಹಿಡಿದು ಮೆರವಣಿಗೆ ಹೊರಟ ಕಪ್ಪು ಜನ. ಇವರಲ್ಲಿ ಸೇನಾಪತಿ ಯಾರೂ ಇಲ್ಲ. ಮಾರ್ಷಲ್ ತೆಗೆದುಕೊಂಡ ಸಂಭಾವನೆ 18.65 ಡಾಲರ್. ಯುದ್ಧ ಮುಗಿದ ವರ್ಷದ ಲೆಕ್ಕ ಅದು.