ಬುಡ ಕತ್ತರಿಸಿ ಉಳಿಸಿದ ಗೋಡೆ: ಗ್ರೀನ್‌ಸ್ಟೆಡ್ ಚರ್ಚಿನ ವಯಸ್ಸಿನ ಲೆಕ್ಕ

ಲಂಡನ್ನಿನ ಈಶಾನ್ಯಕ್ಕೆ, ಎಸೆಕ್ಸ್ ಪ್ರಾಂತ್ಯದ ಚಿಪ್ಪಿಂಗ್ ಆಂಗರ್ ಪೇಟೆಯಿಂದ ಪಡುವಣಕ್ಕೆ ಸ್ವಲ್ಪ ದೂರ ನಡೆದರೆ ಗ್ರೀನ್‌ಸ್ಟೆಡ್ ಎಂಬ ಪುಟ್ಟ ಹಳ್ಳಿ ಸಿಗುತ್ತದೆ. ಅಲ್ಲಿನ ಸೇಂಟ್ ಆಂಡ್ರ್ಯೂ ಚರ್ಚಿನಲ್ಲಿ ಜನ ಕೂರುವ ಭಾಗದ ಗೋಡೆ ಕಲ್ಲಿನದಲ್ಲ, ಇಟ್ಟಿಗೆಯದೂ ಅಲ್ಲ. ಓಕ್ ಮರದ ದಿಮ್ಮಿಗಳನ್ನು ಉದ್ದಕ್ಕೆ ಸೀಳಿ, ಒಂದರ ಪಕ್ಕ ಒಂದು ಒತ್ತಾಗಿ ನೆಟ್ಟಗೆ ನಿಲ್ಲಿಸಿದ ಗೋಡೆ ಅದು. ಇಂದಿಗೂ ನಿಂತಿರುವ ಮರದ ಚರ್ಚುಗಳಲ್ಲಿ ಜಗತ್ತಿನಲ್ಲೇ ಹಳೆಯದು ಎಂಬ ಹೆಸರು ಇದಕ್ಕಿದೆ. ನಾರ್ವೆಯ ಪ್ರಸಿದ್ಧ ಉರ್ನೆಸ್ ಮರದ ಚರ್ಚು 1130ರ ಆಸುಪಾಸಿನದು, ಇದಕ್ಕಿಂತ ಕಿರಿಯದು.

ಹಾಗಾದರೆ ಗ್ರೀನ್‌ಸ್ಟೆಡ್ ಚರ್ಚಿನ ವಯಸ್ಸೆಷ್ಟು? ಈ ಪ್ರಶ್ನೆಗೆ ಬೇರೆ ಬೇರೆ ಕಾಲದಲ್ಲಿ ಮೂರು ಉತ್ತರ ಬಂದಿವೆ. ಮೊದಲು 1013 ಎಂದರು, ಆಮೇಲೆ 845 ಎಂದರು, ಈಗ 1060ರ ದಶಕದ ಆಚೆಗೆ ಎನ್ನುತ್ತಾರೆ. ಇಸವಿ ಹೀಗೆ ಹಿಂದೆ ಮುಂದೆ ಓಡಾಡಿದ್ದೇಕೆ ಎಂದು ತಿಳಿಯಬೇಕಾದರೆ ಆ ದಿಮ್ಮಿಗಳನ್ನೇ ಹತ್ತಿರದಿಂದ ನೋಡಬೇಕು.

ಹಳೆಯ ದಿಮ್ಮಿಗಳು ಒಟ್ಟು 51. ಮರವನ್ನು ಗರಗಸದಿಂದ ಕೊಯ್ದಿಲ್ಲ, ಬೆಣೆ ಹೊಡೆದು ಸೀಳಿದ್ದಾರೆ. ಸೀಳಿದ ಮರದಲ್ಲಿ ನಾರು ತುಂಡಾಗುವುದಿಲ್ಲ, ಅದು ಹೋದ ದಾರಿಯಲ್ಲೇ ಮರ ಬಿಡುತ್ತದೆ. ಹಾಗಾಗಿ ಮಳೆನೀರು ಮೇಲ್ಮೈ ಮೇಲೆ ಜಾರಿ ಇಳಿಯುತ್ತದೆ, ಒಳಗೆ ಇಂಗುವುದು ಕಡಿಮೆ. ಗರಗಸ ನಾರನ್ನು ಅಲ್ಲಲ್ಲಿ ಅಡ್ಡ ಕತ್ತರಿಸುತ್ತದೆ, ಕತ್ತರಿಸಿದ ಪ್ರತಿ ಬಾಯಿಯೂ ನೀರು ಕುಡಿಯುತ್ತದೆ. ಓಕ್ ಒಣಗಿದ ಮೇಲೆ ಕಬ್ಬಿಣದಂತೆ ಗಟ್ಟಿಯಾಗುವುದರಿಂದ ಬಡಗಿಗಳು ಅದನ್ನು ಹಸಿಯಿದ್ದಾಗಲೇ ಕೆತ್ತುತ್ತಿದ್ದರು. ದಿಮ್ಮಿಯ ದುಂಡನೆಯ ಬೆನ್ನು ಹೊರಕ್ಕೆ, ಸೀಳಿದ ಚಪ್ಪಟೆ ಮುಖ ಒಳಕ್ಕೆ. ಒಳಮುಖವನ್ನು ಬಾಚಿಯಿಂದ ಕೆತ್ತಿ ಸಮ ಮಾಡಿದ್ದಾರೆ. ಮೂಲೆಯ ಕಂಬಗಳದು ಇನ್ನೂ ಜಾಣ ಕೆಲಸ: ಇಡೀ ದಿಮ್ಮಿಯಿಂದ ಒಳಗಿನ ಕಾಲು ಭಾಗ ಮಾತ್ರ ತೆಗೆದು ಮುಕ್ಕಾಲು ದುಂಡನ್ನು ಉಳಿಸಿಕೊಂಡಿದ್ದಾರೆ. ಹೊರಗಿನಿಂದ ಮೂಲೆ ದುಂಡಗೆ ಕಾಣುತ್ತದೆ, ಒಳಗೆ ಸರಿಯಾದ ಕೋನ ಸಿಗುತ್ತದೆ.

ಎರಡು ದಿಮ್ಮಿಗಳ ನಡುವಿನ ಸಂದಿನಲ್ಲಿ ಇನ್ನೊಂದು ಉಪಾಯವಿದೆ. ಹಸಿ ಓಕ್ ಒಣಗುವಾಗ ಉದ್ದದಲ್ಲಿ ಹೆಚ್ಚುಕಮ್ಮಿ ಹಾಗೇ ಇರುತ್ತದೆ, ಅಗಲದಲ್ಲಿ ಕುಗ್ಗುತ್ತದೆ. ಇವತ್ತು ಒತ್ತಾಗಿ ಕೂತ ದಿಮ್ಮಿಗಳ ನಡುವೆ ಕೆಲವು ವರ್ಷಗಳಲ್ಲಿ ಬೆರಳು ತೂರುವಷ್ಟು ಸಂದು ಬೀಳಬಹುದು. ಇದನ್ನು ಮೊದಲೇ ಬಲ್ಲ ಬಡಗಿಗಳು ಪ್ರತಿ ದಿಮ್ಮಿಯ ಎರಡೂ ಅಂಚಿಗೆ ಉದ್ದಕ್ಕೆ ಕಾಲುವೆ ಕೊರೆದು, ಅಕ್ಕಪಕ್ಕದ ಎರಡು ಕಾಲುವೆಗಳ ನಡುವೆ ತೆಳ್ಳನೆಯ ಓಕ್ ಪಟ್ಟಿಯೊಂದನ್ನು ಬಿಡಿಯಾಗಿ ಕೂರಿಸಿದರು. ಪಟ್ಟಿಯನ್ನು ಯಾವ ಕಡೆಗೂ ಬಿಗಿದಿಲ್ಲ. ದಿಮ್ಮಿಗಳು ಕುಗ್ಗಿ ಸರಿದರೂ ಪಟ್ಟಿ ಸಂದನ್ನು ಮುಚ್ಚಿಕೊಂಡೇ ಇರುತ್ತದೆ, ಗಾಳಿಯೂ ಎರಚಲೂ ಒಳಗೆ ನುಗ್ಗುವುದಿಲ್ಲ. ಪಟ್ಟಿಯನ್ನು ಮೊಳೆ ಹೊಡೆದು ಬಿಗಿದಿದ್ದರೆ ಮೊದಲ ಬೇಸಿಗೆಯಲ್ಲೇ ಸೀಳಿಹೋಗುತ್ತಿತ್ತು.

18ನೇ ಶತಮಾನದಲ್ಲಿ ಇದನ್ನು ಅಳೆದು ಬರೆದಿಟ್ಟವರ ಲೆಕ್ಕದಲ್ಲಿ ಮರದ ಭಾಗದ ಉದ್ದ 29 ಅಡಿ 9 ಅಂಗುಲ, ಅಗಲ 14 ಅಡಿ, ಪಕ್ಕದ ಗೋಡೆಗಳ ಎತ್ತರ ಐದೂವರೆ ಅಡಿ. ದಿಮ್ಮಿಗಳ ತಲೆ ಮೇಲಿನ ತೊಲೆಗೂ ಬುಡ ಕೆಳಗಿನ ತೊಲೆಗೂ ಕೂತಿತ್ತು, ಮರದ ಗೂಟ ಹೊಡೆದು ಬಿಗಿದಿತ್ತು ಎಂದೂ ಅವರು ಹೇಳುತ್ತಾರೆ. ಐದೂವರೆ ಅಡಿ ಎತ್ತರದ ಗೋಡೆ ಎಂದರೆ ಎತ್ತರದ ಮನುಷ್ಯನ ತಲೆ ಸೂರಿಗೆ ತಾಗುವಷ್ಟು. ಊರಿನವರೆಲ್ಲ ಸೇರುವ ಜಾಗ ಇಷ್ಟೇ ಇತ್ತು ಎಂಬುದನ್ನು ಅಲ್ಲಿ ನಿಂತಾಗಲೇ ನಂಬಬೇಕು.

ಈಗ ಇಸವಿಗಳ ವಿಷಯ. 1013 ಬಂದದ್ದು ಒಂದು ಹಸ್ತಪ್ರತಿಯಿಂದ. ಪೂರ್ವ ಆಂಗ್ಲಿಯಾದ ದೊರೆ ಎಡ್ಮಂಡ್ 869ರಲ್ಲಿ ಡೆನ್ಮಾರ್ಕ್ ಕಡೆಯಿಂದ ಬಂದ ದಾಳಿಕೋರರಾದ ಡೇನರ ಕೈಯಲ್ಲಿ ಸತ್ತು ಆಮೇಲೆ ಸಂತನೆನಿಸಿಕೊಂಡ. ಡೇನರ ದಾಳಿಗೆ ಹೆದರಿ 1010ರಲ್ಲಿ ಅವನ ಅವಶೇಷವನ್ನು ಲಂಡನ್ನಿಗೆ ಸಾಗಿಸಿದ್ದರು, 1013ರಲ್ಲಿ ಬರಿ ಸೇಂಟ್ ಎಡ್ಮಂಡ್ಸ್ ಎಂಬ ಊರಿಗೆ ಮರಳಿ ತಂದರು. ದಾರಿಯಲ್ಲಿ ಆಂಗರ್ ಬಳಿ ತಂಗಿದ್ದರು, ಆ ನೆನಪಿಗೆ ಕಟ್ಟಿದ ಮರದ ಗುಡಿ ಇಂದಿಗೂ ಇದೆ ಎಂದು ಹಳೆಯ ಲ್ಯಾಟಿನ್ ಬರಹವೊಂದು ಹೇಳುತ್ತದೆ. ಪುರಾತನ ವಸ್ತುಗಳಲ್ಲಿ ಆಸಕ್ತಿಯಿದ್ದವರು ಆಂಗರ್ ಪಕ್ಕದಲ್ಲೇ ಮರದ ಚರ್ಚು ಕಂಡರು, ಎರಡನ್ನೂ ಜೋಡಿಸಿದರು, 1013 ಎಂದು ಬರೆದುಬಿಟ್ಟರು. ಊಹೆ ಚಂದದ್ದೇ. ಆದರೆ ಆ ಸಾಲಿನಲ್ಲಿ ಗ್ರೀನ್‌ಸ್ಟೆಡ್ ಹೆಸರಿಲ್ಲ. ಈ ಗುಡಿಯೇ ಆ ಗುಡಿ ಎನ್ನಲು ಮರ ಮಾತಾಡಬೇಕಿತ್ತು, ಆಗ ಮರವನ್ನು ಕೇಳುವ ವಿದ್ಯೆ ಇರಲಿಲ್ಲ.

1960ರಲ್ಲಿ ಅಗೆತ ನಡೆಯಿತು. ಬಲಿಪೀಠವಿರುವ ಪೂರ್ವ ಭಾಗದ ನೆಲದಡಿ ಎರಡು ಸಾಧಾರಣ ಮರದ ಕಟ್ಟಡಗಳ ಗುರುತು ಸಿಕ್ಕವು. ಅವು 6ನೇ ಶತಮಾನದ ಕೊನೆ ಅಥವಾ 7ನೇ ಶತಮಾನದ ಮೊದಲಿನವು ಎಂದು ಅಂದಾಜು. ಅಂದರೆ ಈಗಿನ ದಿಮ್ಮಿಗಳು ನಿಲ್ಲುವ ಎಷ್ಟೋ ತಲೆಮಾರು ಮೊದಲೇ ಆ ಜಾಗದಲ್ಲಿ ಮರದ ಕಟ್ಟಡಗಳಿದ್ದವು. ಎಸೆಕ್ಸ್ ಸೀಮೆಯಲ್ಲಿ ಕ್ರೈಸ್ತ ಧರ್ಮ ಸಾರಿದ ಸಂತ ಸೆಡ್ ತನ್ನ ಕೆಲಸ ಆರಂಭಿಸಿದ್ದು 654ರ ಸುಮಾರಿಗೆ, ಅಂದರೆ ಆ ಕಟ್ಟಡಗಳಿಗಿಂತ ಈಚೆಗೆ. 1960ರ ದಶಕದಲ್ಲೇ, ಈಗ ನಿಂತಿರುವ ದಿಮ್ಮಿಗಳಲ್ಲಿ ವರ್ಷಕ್ಕೊಂದರಂತೆ ಮೂಡಿದ ಉಂಗುರಗಳನ್ನೂ ಎಣಿಸಿದರು, 845 ಎಂಬ ಇಸವಿ ಬಂತು. ಪುಸ್ತಕಗಳಲ್ಲಿ, ಫಲಕಗಳಲ್ಲಿ ಈ ಸಂಖ್ಯೆ ಬಹಳ ಕಾಲ ಬೇರು ಬಿಟ್ಟಿತು. ಈಗಲೂ ಅಲ್ಲಲ್ಲಿ ಕಾಣುತ್ತದೆ.

ಮರದ ಉಂಗುರ ಓದುವುದು ಬರೀ ಎಣಿಕೆಯಲ್ಲ. ಮಳೆ ಚೆನ್ನಾಗಿ ಬಂದ ವರ್ಷ ಉಂಗುರ ಅಗಲ, ಬರದ ವರ್ಷ ಕಿರಿದು. ಈ ಅಗಲ–ಕಿರಿದುಗಳ ಸರಣಿಯನ್ನು ಅಳೆದು, ಇಸವಿ ಗೊತ್ತಿರುವ ಮರಗಳ ಉದ್ದನೆಯ ಮಾದರಿ ಪಟ್ಟಿಯ ಮೇಲೆ ಜರುಗಿಸುತ್ತಾ ಹೋಗಿ, ಎಲ್ಲಿ ಕಚ್ಚಿಕೊಳ್ಳುತ್ತದೋ ಅಲ್ಲಿ ನಿಲ್ಲಿಸಬೇಕು. ಐವತ್ತಕ್ಕಿಂತ ಕಡಿಮೆ ಉಂಗುರವಿದ್ದರೆ ತಪ್ಪು ಜಾಗದಲ್ಲೂ ಹೊಂದಿದಂತೆ ಕಾಣುವ ಅಪಾಯವಿದೆ. ಮಾದರಿ ಪಟ್ಟಿ ಅದೇ ಸೀಮೆಯ ಮರಗಳದ್ದಾದಷ್ಟೂ ಒಳ್ಳೆಯದು. ಇಂಗ್ಲೆಂಡಿನ ಓಕ್‌ಗಳಿಗೆ ಅಂಥ ಉದ್ದದ, ನಂಬಬಹುದಾದ ಪಟ್ಟಿಗಳು ಸಿದ್ಧವಾದದ್ದೇ 1960ರ ದಶಕ ಕಳೆದ ಮೇಲೆ. 845ರ ಲೆಕ್ಕ ಅದಕ್ಕೂ ಹಿಂದಿನದು.

1995ರಲ್ಲಿ ಮತ್ತೆ ಅಳೆದಾಗ, ಉಳಿದಿರುವ ಕೊನೆಯ ಉಂಗುರ 1053ರದ್ದು ಎಂದು ಗೊತ್ತಾಯಿತು. ಮರ ಕಡಿದದ್ದು ಅದೇ ವರ್ಷ ಎಂದುಕೊಂಡರೆ ತಪ್ಪಾಗುತ್ತದೆ. ಓಕ್ ಕಾಂಡದ ನಡುವೆ ಗಟ್ಟಿ ಚೇಗು, ಅದರ ಸುತ್ತ ತೊಗಟೆಯ ಕೆಳಗೆ ಜೀವರಸ ಹರಿಯುವ ಬಿಳಿಯ ಮೆತ್ತನೆ ಭಾಗ ಇರುತ್ತದೆ. ಚೇಗಿನಲ್ಲಿ ಹುಳು ಮತ್ತು ಶಿಲೀಂಧ್ರಗಳನ್ನು ತಡೆಯುವ ಒಗರು ತುಂಬಿರುವುದರಿಂದ ಅದು ಶತಮಾನಗಟ್ಟಲೆ ಬಾಳುತ್ತದೆ, ಬಿಳಿ ಭಾಗ ಹುಳುಗಳ ಬಾಯಿಗೆ ಮೊದಲು ಬೀಳುತ್ತದೆ. ಗ್ರೀನ್‌ಸ್ಟೆಡ್‌ನಲ್ಲಿ ಆ ಭಾಗ ಹೋಗಿಬಿಟ್ಟಿತ್ತು. ಇಂಗ್ಲೆಂಡಿನ ಓಕ್‌ನಲ್ಲಿ ಬಿಳಿ ಭಾಗದ ಉಂಗುರಗಳು ಸಾಮಾನ್ಯವಾಗಿ 10ರಿಂದ 55ರ ನಡುವೆ ಇರುತ್ತವೆ ಎಂಬ ಲೆಕ್ಕ ಹಿಡಿದು 1053ಕ್ಕೆ ಅಷ್ಟನ್ನು ಕೂಡಿಸಿದರು. ಕನಿಷ್ಠ 1063, ಗರಿಷ್ಠ 12ನೇ ಶತಮಾನದ ಮೊದಲ ವರ್ಷಗಳು. ಹಸಿ ಮರವನ್ನೇ ಕೆತ್ತುತ್ತಿದ್ದರಿಂದ ಕಡಿದ ಕಾಲವೂ ಕಟ್ಟಿದ ಕಾಲವೂ ಹೆಚ್ಚು ದೂರವಿರಲಾರದು.

ಈ ಅವಧಿಯೊಳಗೇ 1066 ಇದೆ, ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ವರ್ಷ. ನಾರ್ಮನ್ನರಿಗೆ ಮೊದಲು ಅಲ್ಲಿ ನೆಲೆಸಿದ್ದ ಸ್ಯಾಕ್ಸನ್ನರ ಹೆಸರಿನಿಂದ ಸ್ಯಾಕ್ಸನ್ ಚರ್ಚು ಎಂದೇ ಹೆಸರಾದ ಈ ಕಟ್ಟಡ ಸ್ಯಾಕ್ಸನ್ ಬಡಗಿಗಳ ಕೈಯಿಂದ, ನಾರ್ಮನ್ ದೊರೆಯ ಕಾಲದಲ್ಲಿ ಎದ್ದಿರುವ ಸಾಧ್ಯತೆ ಗಟ್ಟಿಯಾಗಿದೆ. ನನಗೆ ಇದು 845ಕ್ಕಿಂತ ಹೆಚ್ಚು ಬೆಲೆಯುಳ್ಳ ಸಂಗತಿ. ಗೆದ್ದವರು ಕಲ್ಲಿನ ದೊಡ್ಡ ಚರ್ಚುಗಳನ್ನು ಎಬ್ಬಿಸುತ್ತಿದ್ದ ಕಾಲದಲ್ಲೂ ಹಳ್ಳಿಯ ಬಡಗಿ ತನಗೆ ಗೊತ್ತಿದ್ದ ಕೆಲಸವನ್ನು ತನ್ನ ಕಾಡಿನ ಮರದಲ್ಲೇ ಮುಂದುವರಿಸಿದ್ದ ಎಂದಾಗುತ್ತದೆ.

ಗೋಡೆಗೆ ಉತ್ತರ ಸಿಕ್ಕಿತು. ಆದರೆ ಇಡೀ ಚರ್ಚಿಗೆ ಒಂದೇ ಇಸವಿ ಹೇಳಲಾಗದು. ಪೂರ್ವ ತುದಿಯಲ್ಲಿ ಬಲಿಪೀಠವಿರುವ ಭಾಗದ ಅಡಿಪಾಯದಲ್ಲಿ ನಾರ್ಮನ್ನರ ಕಾಲದ ಚಕಮಕಿ ಕಲ್ಲುಗಳಿವೆ, ಅದರ ಮೇಲಿನ ಇಟ್ಟಿಗೆ ಗೋಡೆ 1500ರ ಸುಮಾರಿನದು. ಈ ಭಾಗವನ್ನು ಸೇರಿಸುವಾಗ ಮರದ ಗೋಡೆಯ ಪೂರ್ವ ಮುಖ ಪೂರ್ತಿ ಹೋಯಿತು. ಆಗಿನ ಟ್ಯೂಡರ್ ಅರಸರ ಕಾಲದಲ್ಲೇ ಹುಲ್ಲಿನ ಸೂರು ತೆಗೆದು ಹೆಂಚು ಹೊದಿಸಿದರು, ಮಾಡಿನಲ್ಲಿ ಮೂರು ಕಿಟಕಿ ತೆರೆದರು. ಅದಕ್ಕೆ ಮೊದಲು ಒಳಗೆ ದೀಪದ ಬೆಳಕೇ ಗತಿ. ಪಶ್ಚಿಮದ ಗೋಪುರಕ್ಕೆ ಬಿಳಿ ಹಲಗೆಯ ಹೊದಿಕೆ, ಅದರೊಳಗಿನ ಗಂಟೆಯ ಮೇಲೆ ತಯಾರಿಸಿದವನ ಹೆಸರು ವಿಲಿಯಂ ಲ್ಯಾಂಡ್, ಇಸವಿ 1618.

ಉತ್ತರದ ಮರದ ಗೋಡೆಯಲ್ಲಿ ಒಂದು ಚಿಕ್ಕ ಕಂಡಿಯಿದೆ. ಕುಷ್ಠರೋಗಿಗಳು ಹೊರಗೆ ನಿಂತು ಇದರಿಂದ ಪೂಜೆ ನೋಡುತ್ತಿದ್ದರು ಎಂಬ ಮಾತು ಬಹಳ ಕಾಲ ನಡೆಯಿತು. ಹಳೆಯ ಬಾಗಿಲಿದ್ದ ಜಾಗ ಅದರ ಪಕ್ಕದಲ್ಲೇ ಬರುವುದರಿಂದ, ಒಳಗೆ ಬರುವವರು ಬೆರಳದ್ದಿ ಶಿಲುಬೆ ಗುರುತು ಹಾಕಿಕೊಳ್ಳಲು ಇಟ್ಟ ತೀರ್ಥದ ಗೂಡು ಇದಾಗಿರಬೇಕು ಎಂಬುದೇ ಹೆಚ್ಚು ಸರಿ.

1834ರಲ್ಲಿ ಡಾರ್ಸೆಟ್‌ನ ಟಾಲ್‌ಪಡಲ್ ಎಂಬ ಹಳ್ಳಿಯ ಆರು ಕೂಲಿಕಾರರನ್ನು, ಸಂಘ ಕಟ್ಟಿ ಗುಟ್ಟಾಗಿ ಪ್ರಮಾಣ ಮಾಡಿಸಿದ ತಪ್ಪಿಗೆ, ಏಳು ವರ್ಷದ ಶಿಕ್ಷೆ ಕೊಟ್ಟು ಆಸ್ಟ್ರೇಲಿಯಾಕ್ಕೆ ಸಾಗಿಸಿದರು. ದೇಶವೆಲ್ಲ ಎದ್ದು ಕೇಳಿದ ಮೇಲೆ ಕ್ಷಮೆ ಸಿಕ್ಕಿತು. ಮರಳಿದವರಲ್ಲಿ ಕೆಲವರಿಗೆ ಜನರ ಚಂದಾ ಹಣದಿಂದ ಗ್ರೀನ್‌ಸ್ಟೆಡ್ ಸುತ್ತಲಿನ ಹೊಲಗಳನ್ನು ಗೇಣಿಗೆ ಹಿಡಿದುಕೊಟ್ಟರು. ಆ ಆರರಲ್ಲಿ ಒಬ್ಬನಾದ ಜೇಮ್ಸ್ ಬ್ರೈನ್, ಜೊತೆಗಾರ ಥಾಮಸ್ ಸ್ಟ್ಯಾನ್‌ಫೀಲ್ಡ್‌ನ ಮಗಳು ಎಲಿಜಬೆತ್‌ಳನ್ನು 1839ರಲ್ಲಿ ಮದುವೆಯಾದದ್ದು ಇದೇ ಚರ್ಚಿನಲ್ಲಿ. ಆಗ ದಿಮ್ಮಿಗಳ ಬುಡಕ್ಕೆ ಇನ್ನೂ ಗರಗಸ ಬಿದ್ದಿರಲಿಲ್ಲ.

ಗರಗಸ ಬಿದ್ದದ್ದು 1848ರ ದುರಸ್ತಿಯಲ್ಲಿ. ಬೇಲಿಯ ಕಂಬ ಕಿತ್ತು ನೋಡಿದವರಿಗೆ ಕಾರಣ ಹೇಳಬೇಕಿಲ್ಲ. ಕಂಬ ಆಳದಲ್ಲಿ ಗಟ್ಟಿಯಾಗಿರುತ್ತದೆ, ಮೇಲೂ ಗಟ್ಟಿಯಾಗಿರುತ್ತದೆ, ನೆಲಮಟ್ಟದಲ್ಲಿ ಮಾತ್ರ ಪುಡಿಪುಡಿ. ಮರ ತಿನ್ನುವ ಶಿಲೀಂಧ್ರಕ್ಕೆ ನೀರೂ ಬೇಕು, ಗಾಳಿಯೂ ಬೇಕು. ಆಳದಲ್ಲಿ ಗಾಳಿ ಸಾಲದು, ಮೇಲೆ ನೀರು ನಿಲ್ಲದು, ನೆಲಮಟ್ಟದಲ್ಲಿ ಎರಡೂ ಇವೆ. ಮರದೊಳಗಿನ ತೇವ ಶೇ 20ರ ಕೆಳಗೆ ನಿಂತರೆ ಶಿಲೀಂಧ್ರ ಬೇರೂರಲಾರದು. ಮರದ ಕೊಯ್ದ ತುದಿ ಪಕ್ಕದ ಮೈಗಿಂತ ಎಷ್ಟೋ ಪಟ್ಟು ವೇಗವಾಗಿ ನೀರು ಹೀರುವುದರಿಂದ ನೆಲಕ್ಕೆ ತಾಗಿದ ಬುಡದಲ್ಲಿ ಆ ಮಟ್ಟ ಸುಲಭವಾಗಿ ದಾಟುತ್ತದೆ. ಒದ್ದೆಯಾಗಿ ಮೆತ್ತಗಾದ ಓಕ್‌ಗೆ ಡೆತ್‌ವಾಚ್ ಎಂಬ ದುಂಬಿ ಮೊಟ್ಟೆಯಿಡುತ್ತದೆ, ಅದರ ಮರಿಹುಳು ವರ್ಷಗಟ್ಟಲೆ ಒಳಗೇ ಕೊರೆಯುತ್ತದೆ. ಹಳೆಯ ಚರ್ಚುಗಳ ಸುತ್ತ ಇನ್ನೊಂದು ತೊಂದರೆಯೂ ಇದೆ: ಶತಮಾನಗಳ ಹೂಳುವಿಕೆಯಿಂದ ಸ್ಮಶಾನದ ಮಣ್ಣು ಏರುತ್ತಾ ಬಂದು ಗೋಡೆಯ ಬುಡವನ್ನು ನುಂಗುತ್ತದೆ.

1848ರಲ್ಲಿ ದಿಮ್ಮಿಗಳ ಕೊಳೆತ ಬುಡವನ್ನು ಕತ್ತರಿಸಿ ತೆಗೆದರು, ಕೆಳಗೆ ಇಟ್ಟಿಗೆಯ ಗಿಡ್ಡ ಗೋಡೆ ಕಟ್ಟಿದರು, ಗಟ್ಟಿ ಭಾಗವನ್ನು ಅದರ ಮೇಲೆ ನಿಲ್ಲಿಸಿದರು. ಇದರ ಬಗ್ಗೆ ಎರಡು ಮನಸ್ಸಾಗುವುದು ಸಹಜ. ಕತ್ತರಿಸಿದ ತುಂಡಿನೊಂದಿಗೆ, ಮೂಲ ಬಡಗಿ ಬುಡವನ್ನು ಹೇಗೆ ಕೂರಿಸಿದ್ದ ಎಂಬ ಸಾಕ್ಷಿಯೂ ಹೋಯಿತು. ಮಾಡು, ಅದರ ಕಿಟಕಿಗಳು, ಒಳಗಿನ ಅಲಂಕಾರದ ಮೇಲೂ ವಿಕ್ಟೋರಿಯಾ ಕಾಲದ ಕೈ ದಟ್ಟವಾಗಿ ಬಿತ್ತು. ಅಂಥ ಅತಿಯುತ್ಸಾಹದ ಜೀರ್ಣೋದ್ಧಾರಗಳು ದೇಶದ ತುಂಬ ನಡೆದು, ಅದಕ್ಕೆ ಎದುರಾಗಿ ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್ ಮತ್ತು ಗೆಳೆಯರು 1877ರಲ್ಲಿ ಹಳೆಯ ಕಟ್ಟಡಗಳ ರಕ್ಷಣೆಗೆ ಸಂಘ ಕಟ್ಟಿದರು. ಹೊಸದಾಗಿ ಕಾಣುವಂತೆ ಮಾಡಬೇಡಿ, ದಿನದಿನದ ಆರೈಕೆಯಿಂದ ಹಾಳಾಗುವುದನ್ನು ತಡೆಯಿರಿ ಎಂಬುದು ಅವರ ಒತ್ತಾಯ. ಆ ಮಾತು ನೂರಕ್ಕೆ ನೂರು ಸರಿ. ಆದರೂ ಗ್ರೀನ್‌ಸ್ಟೆಡ್‌ನ ಇಟ್ಟಿಗೆ ಸಾಲನ್ನು ನಾನು ದೂರಲಾರೆ. ಮರ ಮತ್ತು ಮಣ್ಣಿನ ನಂಟನ್ನು ಕಡಿದದ್ದು ಆ ಸಾಲೇ. ಕೊಳೆ ಮೇಲೇರಲು ಬಿಟ್ಟಿದ್ದರೆ 1995ರಲ್ಲಿ ಅಳೆಯಲು ಉಂಗುರಗಳೇ ಸಿಗುತ್ತಿರಲಿಲ್ಲವೇನೋ.

ಈಗ ಇಂಗ್ಲೆಂಡಿನ ಚರ್ಚುಗಳನ್ನು ಐದು ವರ್ಷಕ್ಕೊಮ್ಮೆ ಕಟ್ಟಡ ತಜ್ಞರು ಪರೀಕ್ಷಿಸಬೇಕು, ಮಹತ್ವದ ಬದಲಾವಣೆಗೆ ಧರ್ಮಪ್ರಾಂತ್ಯದ ಅನುಮತಿ ಬೇಕು. ಇಂಥ ಗೋಡೆಗೆ ಮಾಡಬೇಕಾದ್ದು ಸಣ್ಣಪುಟ್ಟ ಕೆಲಸವೇ. ಸೂರಿನ ದೋಣಿಯಿಂದ ಎಲೆ ತೆಗೆಯಬೇಕು. ಇಳಿಕೊಳವೆಯ ನೀರು ಬುಡದಿಂದ ದೂರ ಹೋಗುವಂತೆ ನೋಡಬೇಕು. ಇಟ್ಟಿಗೆಯ ಮೇಲಂಚನ್ನು ದಾಟಿ ಮಣ್ಣೂ ಹುಲ್ಲೂ ಏರದಂತೆ ತಗ್ಗಿಸಬೇಕು. ಇಟ್ಟಿಗೆಯ ಸಂದು ತುಂಬುವಾಗ ಸುಣ್ಣದ ಗಾರೆಯನ್ನೇ ಬಳಸಬೇಕು. ಸಿಮೆಂಟು ನೀರನ್ನು ಹೊರಗೆ ಬಿಡುವುದಿಲ್ಲ, ಕೂದಲೆಳೆಯ ಬಿರುಕಿನಿಂದ ಒಳಗೆ ಹೋದ ನೀರು ಮರದ ತುದಿಯ ಕೆಳಗೇ ನಿಲ್ಲುತ್ತದೆ. ಸುಣ್ಣದ ಗಾರೆ ಉಸಿರಾಡುತ್ತದೆ, ಸವೆದರೆ ತಾನು ಸವೆಯುತ್ತದೆ, ಮರವನ್ನು ಕೆಡಿಸುವುದಿಲ್ಲ. ದಿಮ್ಮಿಗೆ ಬಣ್ಣ, ವಾರ್ನಿಷ್ ಬಳಿದು ಮೈ ಮುಚ್ಚುವುದೂ ಇದೇ ಕಾರಣಕ್ಕೆ ಕೆಟ್ಟದ್ದು.

ಅಲ್ಲಿಗೆ ಹೋದವರು ಗೋಡೆಯ ಎದುರು ಮೊಣಕಾಲೂರಿ, ಓಕ್ ಮುಗಿದು ಇಟ್ಟಿಗೆ ಶುರುವಾಗುವ ಗೆರೆಯನ್ನು ನೋಡಬೇಕು. ಗೆರೆಯ ಮೇಲೆ ಬೂದುಬಣ್ಣಕ್ಕೆ ತಿರುಗಿದ, ಉದ್ದುದ್ದ ಬಿರಿದ ಓಕ್. ಗೆರೆಯ ಕೆಳಗೆ 1848ರ ಇಟ್ಟಿಗೆ.