ಡಬ್ಬದ ಮೇಲೆ ವಾಟರ್‌ಪ್ರೂಫ್ ಅಂತ ಇದೆ, ಹಾಗಾದರೆ ಬೀಚಿನಲ್ಲಿ ಓಡಿಸಬಹುದಲ್ವಾ?

ಓದುಗರ ಪ್ರಶ್ನೆ: ಆರ್‌ಸಿ ಮಾನ್‌ಸ್ಟರ್ ಟ್ರಕ್, ಅಂದರೆ ರಿಮೋಟ್‌ನಿಂದ ಓಡಿಸುವ ದೊಡ್ಡ ಚಕ್ರದ ಆಟದ ಟ್ರಕ್, ತಗೊಂಡು ಎರಡು ತಿಂಗಳಾಯಿತು. ಮನೆ ಸುರತ್ಕಲ್‌ನಲ್ಲಿ, ಕಡಲಿಗೆ ನಡೆದು ಹೋದರೆ ಹತ್ತು ನಿಮಿಷ. ಡಬ್ಬದ ಮೇಲೆ ವಾಟರ್‌ಪ್ರೂಫ್ ಎಂದು ದೊಡ್ಡದಾಗಿ ಬರೆದಿದೆ. ಬೀಚಿನಲ್ಲಿ ಓಡಿಸಿದರೆ ಏನಾದರೂ ಆಗುತ್ತದಾ?

ಮಳೆ ಬಿಟ್ಟು ಆಕಾಶ ತಿಳಿಯಾದ ಕೂಡಲೇ ಈ ಪ್ರಶ್ನೆ ಬರಲು ಶುರು. ನಮ್ಮ ಕರಾವಳಿಯಲ್ಲಿ ಹೊಸ ಟ್ರಕ್ ಕೈಗೆ ಬಂದವರಿಗೆಲ್ಲ ಮೊದಲು ನೆನಪಾಗುವುದು ಮರಳೇ. ಉತ್ತರ ಚಿಕ್ಕದಾಗಿ ಬೇಕಾದರೆ: ಓಡಿಸಬಹುದು. ಆದರೆ ಓಡಿಸುವುದು ಅರ್ಧ ಗಂಟೆ, ಆಮೇಲೆ ಬಿಚ್ಚಿ ತೊಳೆಯುವುದು ಒಂದಿಡೀ ರಾತ್ರಿ. ಆ ರಾತ್ರಿಗೆ ನೀವು ತಯಾರಿಲ್ಲದಿದ್ದರೆ ಸುಮ್ನೆ ಟ್ರಕ್ಕನ್ನು ಮನೆಯಲ್ಲೇ ಬಿಟ್ಟು, ಬೀಚಿಗೆ ಚರುಮುರಿ ತಿನ್ನಲು ಹೋಗಿ.

ಇದನ್ನು ನಾನು ಕಲಿತದ್ದು ಮಲ್ಪೆಯಲ್ಲಿ. ನನ್ನ ಮೊದಲ ಟ್ರಕ್, ಒಂದು ಭಾನುವಾರದ ಸಂಜೆ. ಒದ್ದೆ ಮರಳಿನ ಮೇಲೆ ಎರಡು ಸುತ್ತು ಹೊಡೆಸಿದೆ. ಒಂದು ತೆರೆ ಬಂದು ಚಕ್ರ ಮುಳುಗಿಸಿತು, ಟ್ರಕ್ ನೀರು ಚಿಮ್ಮಿಸುತ್ತ ಹೊರಗೆ ಬಂತು. ಮಕ್ಕಳು ಚಪ್ಪಾಳೆ ಹೊಡೆದರು. ನನಗೋ ಕಾಲು ನೆಲದ ಮೇಲಿರಲಿಲ್ಲ. ಮನೆಗೆ ಬಂದು ಮರಳು ಕೊಡವಿ ಕಪಾಟಿನ ಮೇಲೆ ಇಟ್ಟೆ. ಮುಂದಿನ ಭಾನುವಾರ ಇಳಿಸಿ ನೋಡಿದರೆ ಮುಂದಿನ ಬಲ ಚಕ್ರ ತಿರುಗುತ್ತಿಲ್ಲ. ಬೇರಿಂಗ್ ತೆಗೆದು ಬಿಳಿ ಕಾಗದದ ಮೇಲೆ ಕುಟ್ಟಿದೆ, ಕುಂಕುಮದ ಹಾಗೆ ತುಕ್ಕು ಉದುರಿತು. ಬ್ಯಾಟರಿ ಕನೆಕ್ಟರ್ ಒಳಗೆ ಹಳೇ ಹಿತ್ತಾಳೆ ದೀಪದಲ್ಲಿ ಕಾಣುತ್ತದಲ್ಲ, ಆ ಹಸಿರು ಕಿಲುಬು. ಸ್ಕ್ರೂ ತಿರುಗಿಸಲು ಹೋದರೆ ಅಲೆನ್ ಕೀ ಜಾರಿ ತಲೆಯ ಮೂಲೆಗಳೆಲ್ಲ ಸವೆದವು. ಕೊನೆಗೆ ಡ್ರಿಲ್ ಹಾಕಿಯೇ ತೆಗೆದದ್ದು.

ತಮಾಷೆ ಏನೆಂದರೆ, ಡಬ್ಬದ ಮೇಲಿನ ಮಾತು ಸುಳ್ಳಾಗಿರಲಿಲ್ಲ. ಬ್ಯಾಟರಿ ಜೋಡಿಸಿದ ಕೂಡಲೇ ಉಳಿದ ಮೂರು ಚಕ್ರ ಆರಾಮಾಗಿ ತಿರುಗಿದವು.

ವಾಟರ್‌ಪ್ರೂಫ್ ಅಂದರೆ ಕರೆಂಟಿನ ಭಾಗಗಳಿಗೆ ನೀರಿನಿಂದ ರಕ್ಷಣೆ, ಅಷ್ಟೇ. ರಿಮೋಟಿನ ಸಂಕೇತ ಹಿಡಿಯುವ ರಿಸೀವರ್ ಒಂದು ಪೆಟ್ಟಿಗೆಯೊಳಗೆ ಇರುತ್ತದೆ, ಮುಚ್ಚಳಕ್ಕೆ ರಬ್ಬರ್ ಪಟ್ಟಿ. ಮೋಟಾರಿಗೆ ಕರೆಂಟ್ ಅಳೆದು ಕೊಡುವ ಈಎಸ್‌ಸಿಯ ಬೋರ್ಡ್ ಮೇಲೆ ಲೇಪನ ಇರುತ್ತದೆ. ಸ್ಟಿಯರಿಂಗ್ ತಿರುಗಿಸುವ ಸರ್ವೋದ ಸಂದಿಗಳಲ್ಲಿ ರಬ್ಬರ್ ರಿಂಗ್. ಹಳಬರು ರಿಸೀವರನ್ನು ಬಲೂನಿನೊಳಗೆ ತುರುಕಿ ಬಾಯಿಗೆ ಜಿಪ್ ಟೈ ಬಿಗಿಯುತ್ತಿದ್ದರು. ಉಪಾಯ ಅದೇ, ರೂಪ ಬೇರೆ. ಬೇರಿಂಗ್, ಸ್ಕ್ರೂ, ಆಕ್ಸಲ್, ಗಿಯರ್ ಬಗ್ಗೆ ಆ ಪದ ಏನೂ ಹೇಳುವುದಿಲ್ಲ. ಕರೆಂಟಿನ ಭಾಗಗಳ ಬಗ್ಗೆ ಹೇಳುವಾಗಲೂ ಮನಸ್ಸಿನಲ್ಲಿರುವುದು ಮಳೆನೀರು, ಕಡಲನೀರಲ್ಲ.

ಕಡಲನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಊಟದ ದೊಡ್ಡ ಚಮಚದಲ್ಲಿ ಹೆಚ್ಚುಕಡಿಮೆ ಎರಡು ಚಮಚ. ನೀರು ಒಣಗಿ ಹೋಗುತ್ತದೆ, ಉಪ್ಪು ಹೋಗುವುದಿಲ್ಲ. ಒಣಗಿದೆ ಎಂದು ನೀವು ನೆಮ್ಮದಿಯಾಗಿರುವಾಗ ಆ ಉಪ್ಪು ಗಾಳಿಯ ತೇವ ಎಳೆದುಕೊಂಡು ಮತ್ತೆ ಒದ್ದೆಯಾಗುತ್ತದೆ. ಮಂಗಳೂರಿನ ಅಡುಗೆಮನೆಯಲ್ಲಿ ಉಪ್ಪಿನ ಭರಣಿ ನೋಡಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ನನ್ನ ಬೇರಿಂಗ್ ಹಾಳಾದದ್ದು ಮಲ್ಪೆಯಲ್ಲಿ ಅಲ್ಲ, ಕಪಾಟಿನ ಮೇಲೆ, ಆ ಏಳು ದಿನಗಳಲ್ಲಿ.

ಟ್ರಕ್ಕನ್ನು ಸ್ವಂತ ಕೈಯಿಂದ ಕಟ್ಟುವವರು ಅಥವಾ ಪಾರ್ಟ್ ಬದಲಿಸುವವರು ಇನ್ನೊಂದು ಕಡೆ ಎಡವುತ್ತಾರೆ. ಮೊದಲ ಸಂಬಳ ಬಂದ ಕೂಡಲೇ ಚಕ್ರವನ್ನು ಹಿಡಿದಿಡುವ ಪ್ಲಾಸ್ಟಿಕ್ ಆರ್ಮ್ ಕಿತ್ತು ನೀಲಿ ಬಣ್ಣದ ಹೊಳೆಯುವ ಅಲ್ಯೂಮಿನಿಯಂ ಆರ್ಮ್ ಹಾಕುವುದು. ನೋಡಲು ಚಂದ, ಒಪ್ಪುತ್ತೇನೆ. ಆದರೆ ಅಲ್ಯೂಮಿನಿಯಂ ಒಳಗೆ ಉಕ್ಕಿನ ಸ್ಕ್ರೂ, ನಡುವೆ ಉಪ್ಪುನೀರು ಸೇರಿದರೆ ಅದೊಂದು ಸಣ್ಣ ಬ್ಯಾಟರಿಯೇ ಆಗಿಬಿಡುತ್ತದೆ. ಅಲ್ಯೂಮಿನಿಯಂ ಕರಗುತ್ತದೆ, ಬಿಳಿ ಪುಡಿ ಕಟ್ಟುತ್ತದೆ, ಸ್ಕ್ರೂ ಅಲ್ಲೇ ಹಿಡಿದುಕೊಳ್ಳುತ್ತದೆ. ಸ್ಟೇನ್‌ಲೆಸ್ ಸ್ಕ್ರೂ ಹಾಕಿದರೂ ಅಲ್ಯೂಮಿನಿಯಂಗೆ ಅದೇ ಗತಿ. ಕಡಲಿನ ಬಳಿ ಓಡಿಸುವ ಟ್ರಕ್ಕಿಗೆ ಪ್ಲಾಸ್ಟಿಕ್ ಆರ್ಮೇ ವಾಸಿ. ಬಿದ್ದರೆ ಬಾಗಿ ಮತ್ತೆ ನೆಟ್ಟಗಾಗುತ್ತದೆ, ಮುರಿದರೂ ಹೊಸದಕ್ಕೆ ಜಾಸ್ತಿ ದುಡ್ಡಿಲ್ಲ. ಪ್ಲಾಸ್ಟಿಕ್ಕಿನೊಳಗೆ ಹೋಗುವ ಸ್ಕ್ರೂಗಳನ್ನು ಮಾತ್ರ ಸ್ಟೇನ್‌ಲೆಸ್‌ಗೆ ಬದಲಿಸಿ. ಬೇರಿಂಗ್ ತರಿಸುವಾಗ ಲೋಹದ ಮುಚ್ಚಳದ್ದು ಬಿಟ್ಟು ರಬ್ಬರ್ ಸೀಲ್ ಇರುವುದನ್ನು ಕೇಳಿ. 3ಡಿ ಪ್ರಿಂಟ್ ಮಾಡಿದ ಭಾಗಗಳಿದ್ದರೆ ಒಂದು ಮಾತು: ಪಿಎಲ್‌ಎ ಎಂಬ ಪ್ಲಾಸ್ಟಿಕ್ 60 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಮೇ ತಿಂಗಳ ಬಿಸಿಲಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನೊಳಗೆ ಅಷ್ಟು ಬಿಸಿ ದೊಡ್ಡ ವಿಷಯವಲ್ಲ. ನನ್ನ ಗೆಳೆಯನ ಬಂಪರ್ ಒಮ್ಮೆ ಹಲಸಿನ ಹಪ್ಪಳದ ಹಾಗೆ ಸುರುಟಿಕೊಂಡಿತ್ತು.

ಉಪ್ಪಿನ ಕಥೆ ಇಷ್ಟು. ಮರಳಿನದ್ದು ಬೇರೆ. ಒಮ್ಮೆ ಒಂದು ಅಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದೊಳಗೆ ಹಾಕಿ ಮರಳಿನಲ್ಲಿ ಎಳೆದು ನೋಡಿ. ಕಪ್ಪು ಕಣಗಳು ಗಡ್ಡದ ಹಾಗೆ ಅಂಟಿಕೊಳ್ಳುತ್ತವೆ. ನಿಮ್ಮ ಬ್ರಶ್‌ಲೆಸ್ ಮೋಟಾರಿನೊಳಗೆ ತಿರುಗುವುದೂ ಅಯಸ್ಕಾಂತವೇ, ಅಲ್ವಾ? ಗಾಳಿಗೆಂದು ತೂತು ಬಿಟ್ಟ ಮೋಟಾರಾದರೆ ಗಡ್ಡ ಒಳಗೇ ಬೆಳೆಯುತ್ತದೆ. ಮೈಯೆಲ್ಲ ಮುಚ್ಚಿದ ಮೋಟಾರ್ ಇದ್ದರೆ ಒಳ್ಳೆಯದು.

ಸಡಿಲ ಮರಳಿನಲ್ಲಿ ಓಡುವುದೆಂದರೆ ಟ್ರಕ್ಕಿಗೆ ಇಡೀ ಹೊತ್ತು ಗುಡ್ಡ ಹತ್ತಿದ ಹಾಗೆ. ಮೋಟಾರ್ ಜಾಸ್ತಿ ಕರೆಂಟ್ ಎಳೆಯುತ್ತದೆ, ಕಾಯುತ್ತದೆ. ಅದಕ್ಕೆ ಮೋಟಾರಿನ ತುದಿಯ ಪುಟ್ಟ ಗಿಯರನ್ನು, ಅಂದರೆ ಪಿನಿಯನ್ನನ್ನು, ಎರಡು ಹಲ್ಲು ಕಮ್ಮಿ ಇರುವುದಕ್ಕೆ ಬದಲಿಸಿ. ವೇಗ ಸ್ವಲ್ಪ ಇಳಿಯುತ್ತದೆ, ಮೋಟಾರ್ ಉಳಿಯುತ್ತದೆ. ಬದಲಿಸಿದ ಮೇಲೆ ಪಿನಿಯನ್‌ಗೂ ದೊಡ್ಡ ಗಿಯರಿಗೂ ನಡುವೆ ಎಷ್ಟು ಅಂತರ ಬಿಡಬೇಕು ಎಂದು ತುಂಬ ಜನ ಒದ್ದಾಡುತ್ತಾರೆ. ನಾನು ಉದಯವಾಣಿಯ ಅಂಚಿನಿಂದ ಬೆರಳಗಲದ ಪಟ್ಟಿ ಹರಿದು ಎರಡೂ ಗಿಯರಿನ ನಡುವೆ ಇಟ್ಟು, ಒತ್ತಿ ಹಿಡಿದು, ಮೋಟಾರಿನ ಸ್ಕ್ರೂ ಬಿಗಿಯುತ್ತೇನೆ. ಆಮೇಲೆ ಗಿಯರ್ ತಿರುಗಿಸಿದರೆ ಕಾಗದ ಹೊರಗೆ ಬರುತ್ತದೆ. ಮೈಮೇಲೆ ಹಲ್ಲಿನ ಮಡಿಕೆ ಇದ್ದು, ಎಲ್ಲೂ ಹರಿಯದಿದ್ದರೆ ಅಂತರ ಸರಿ. ಹರಿದರೆ ತೀರಾ ಬಿಗಿ.

ಓಡಿಸುವಾಗ ಐದು ನಿಮಿಷಕ್ಕೊಮ್ಮೆ ನಿಲ್ಲಿಸಿ ಮೋಟಾರ್ ಮುಟ್ಟಿ. ಬೆರಳನ್ನು ಮೂರು ಸೆಕೆಂಡ್ ಇಡಲಾಗದಿದ್ದರೆ ಆಟಕ್ಕೆ ವಿರಾಮ. ಥರ್ಮಾಮೀಟರ್ ಗನ್ ಇದ್ದವರು 80 ಡಿಗ್ರಿ ದಾಟಲು ಬಿಡಬೇಡಿ.

ಜಾಗದ ಬಗ್ಗೆ. ಇಳಿತದ ಹೊತ್ತಿನಲ್ಲಿ ನೀರು ಹಿಂದೆ ಸರಿದಾಗ ಗಟ್ಟಿಯಾದ ಒದ್ದೆ ಮರಳಿನ ಪಟ್ಟಿ ಸಿಗುತ್ತದೆ, ಅದರ ಮೇಲೆ ಓಡಿಸಿ. ಎರಡೂವರೆ ಕಿಲೋದ ಟ್ರಕ್ ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಯಾರದಾದರೂ ಕಾಲಿಗೆ ಬಡಿದರೆ ಮೂಳೆ ಮುರಿಯಬಹುದು. ಹಾಗಾಗಿ ಭಾನುವಾರ ಸಂಜೆ ಪಣಂಬೂರು ಬೇಡವೇ ಬೇಡ, ಬೆಳಿಗ್ಗೆ ಆರೂವರೆಗೆ ಹೋಗಿ. ಪಡುಬಿದ್ರಿಯಲ್ಲಿ 2020ರಲ್ಲಿ ಬ್ಲೂ ಫ್ಲ್ಯಾಗ್ ಎಂಬ ಸ್ವಚ್ಛ ತೀರದ ಮಾನ್ಯತೆ ಸಿಕ್ಕಿದ ಜಾಗವನ್ನು ಬಿಟ್ಟುಬಿಡಿ. ಕಡಲಾಮೆ ಮೊಟ್ಟೆಗೆ ಬೇಲಿ ಹಾಕಿದ ಜಾಗದ ಹತ್ತಿರವೂ ಸುಳಿಯಬೇಡಿ. ಮತ್ತೆ ಕೈರಂಪಣಿ, ಅಂದರೆ ದಡದಿಂದ ಕೈಯಲ್ಲಿ ಎಳೆಯುವ ಮೀನಿನ ಬಲೆ. ಮರಳಿನಲ್ಲಿ ಬಿದ್ದ ಬಲೆಯ ಒಂದು ನೈಲಾನ್ ಎಳೆ ಸಾಕು, ಚಕ್ರದ ಹಿಂದೆ ಆಕ್ಸಲ್‌ಗೆ ಸುತ್ತಿಕೊಂಡು ಬೇರಿಂಗ್ ಸೀಲನ್ನೇ ಕೊಯ್ದುಹಾಕುತ್ತದೆ. ಕಣ್ಣಿಗೂ ಕಾಣುವುದಿಲ್ಲ, ಚಕ್ರ ಬಿಚ್ಚಿದಾಗಲೇ ಗೊತ್ತಾಗುವುದು.

ಈಗ ಆ ರಾತ್ರಿಯ ಕೆಲಸ. ಕಾರಿನಲ್ಲಿ ಐದು ಲೀಟರಿನ ಎರಡು ಕ್ಯಾನ್ ಬಾವಿನೀರು ಇರಲಿ. ಓಟ ಮುಗಿದ ಕೂಡಲೇ ಬ್ಯಾಟರಿ ತೆಗೆದು, ಬಾಡಿ ಬಿಚ್ಚಿ, ಅಲ್ಲೇ ಸುರಿಯಿರಿ. ಉಪ್ಪು ಒಣಗುವ ಮೊದಲು ಸುರಿದ ಒಂದು ಲೀಟರ್, ಒಣಗಿದ ಮೇಲಿನ ಹತ್ತು ಲೀಟರಿಗೆ ಸಮ. ಸರ್ವಿಸ್ ಸ್ಟೇಷನ್‌ನ ಪ್ರೆಶರ್ ಪೈಪ್ ಬೇಡ, ಅದು ಮರಳನ್ನು ಸೀಲಿನ ಒಳಗೇ ನೂಕುತ್ತದೆ. ಮನೆಗೆ ಬಂದು ನಾಲ್ಕೂ ಚಕ್ರ ಬಿಚ್ಚಿ. ಟಯರನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿ. ಗುಳುಗುಳು ಸದ್ದು ಬಂದರೆ ಒಳಗಿನ ಸ್ಪಂಜು ಕಡಲು ಕುಡಿದಿದೆ ಎಂದರ್ಥ. ಟಯರಿನ ನಡುಮೈಯಲ್ಲಿ ಎರಡು ಸಣ್ಣ ತೂತು ಕೊರೆದಿದ್ದರೆ ತಿರುಗುವಾಗ ನೀರು ತಾನೇ ಹೊರಗೆ ಚಿಮ್ಮುತ್ತದೆ. ಇಲ್ಲದಿದ್ದರೆ ಬಕೆಟ್‌ನಲ್ಲಿ ಅದ್ದಿ, ಹಿಂಡಿ, ಮತ್ತೆ ಅದ್ದಿ.

ಬೇರಿಂಗ್‌ಗಳನ್ನು ಒಂದೊಂದಾಗಿ ತೆಗೆದು ಸೂಜಿಯ ತುದಿಯಿಂದ ರಬ್ಬರ್ ಸೀಲ್ ಎಬ್ಬಿಸಿ. ಒಳಗೆ ಪುಟ್ಟ ಗುಂಡುಗಳು ಕಾಣುತ್ತವೆ. ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ತೊಳೆದು, ಒಣಗಿಸಿ, ಗ್ರೀಸ್ ತುಂಬಿ ಸೀಲ್ ಒತ್ತಿ. ಡಬ್ಲ್ಯುಡಿ-40 ಹೊಡೆದು ಕೈತೊಳೆದುಕೊಳ್ಳುವವರು ಜಾಸ್ತಿ. ಅದು ನೀರನ್ನು ಓಡಿಸುತ್ತದೆ ನಿಜ, ಆದರೆ ಇದ್ದ ಗ್ರೀಸನ್ನೂ ತೊಳೆದುಹಾಕುತ್ತದೆ. ಅದು ಹೊಡೆದ ಮೇಲೂ ಗ್ರೀಸ್ ಹಾಕಲೇಬೇಕು. ತೆಂಗಿನೆಣ್ಣೆ ಹಾಕಬಹುದಾ ಎಂದು ಕೇಳಬೇಡಿ ಮಾರಾಯ್ರೆ, ಅದೂ ನನ್ನ ಮೊದಲ ಟ್ರಕ್ಕಿನ ಮೇಲೆ ಪ್ರಯೋಗವಾಗಿದೆ. ವಾರದಲ್ಲಿ ಅಂಟಾಗಿ, ಧೂಳು ಹಿಡಿದು, ಬೇರಿಂಗ್ ಹಲ್ವವಾಗುತ್ತದೆ.

ಟ್ರಕ್ಕಿನ ಲಿಪೋ, ಅಂದರೆ ಲಿಥಿಯಂ ಪಾಲಿಮರ್, ಬ್ಯಾಟರಿ ವಿಷಯದಲ್ಲಿ ಮಾತ್ರ ತಮಾಷೆ ಬೇಡ. ಉಪ್ಪುನೀರಿನಲ್ಲಿ ಕರೆಂಟ್ ಹರಿಯುತ್ತದೆ. ಚಾರ್ಜ್ ಮಾಡುವಾಗ ಜೋಡಿಸುವ ಸಣ್ಣ ಬ್ಯಾಲೆನ್ಸ್ ಪ್ಲಗ್‌ನ ತಂತಿಗಳು ಬಿಡಿಯಾಗಿ ನೇತಾಡುತ್ತಿದ್ದರೆ ಮೊದಲೇ ಟೇಪ್ ಸುತ್ತಿ. ಬ್ಯಾಟರಿ ಕಡಲನೀರಿನಲ್ಲಿ ಮುಳುಗಿ ಎದ್ದಿದ್ದರೆ, ಇಲ್ಲವೇ ಹೊಟ್ಟೆ ಉಬ್ಬಿದ್ದರೆ, ಅದನ್ನು ಮತ್ತೆ ಚಾರ್ಜ್‌ಗೆ ಹಾಕಬೇಡಿ. ಮನೆಯೊಳಗೂ ಇಡಬೇಡಿ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಅಭಿಪ್ರಾಯ ಕೇಳಿದರೆ, ವರ್ಷಕ್ಕೆ ಎರಡು ಸಲ ಬೀಚ್, ಉಳಿದ ದಿನ ಪದವು. ಮುರಕಲ್ಲಿನ ಆ ಕೆಂಪು ಬಯಲು ಮಾನ್‌ಸ್ಟರ್ ಟ್ರಕ್ಕಿಗೆಂದೇ ಹರಡಿಟ್ಟ ಹಾಗಿದೆ. ನಾವು ಆರೇಳು ಜನ ಅಲ್ಲೇ ರೇಸ್ ಇಡುವುದು. ಎರಡು ಟ್ರಕ್ ಪಕ್ಕಪಕ್ಕ, ಒಂದಕ್ಕೊಂದು ಕನ್ನಡಿಯಂಥ ಎರಡು ದಾರಿ, ನಡುವೆ ಹಲಗೆಯ ಜಂಪ್, ಆಚೆ ಸಾಲಾಗಿ ನಿಲ್ಲಿಸಿದ ಹಳೇ ಆಟದ ಕಾರುಗಳು. ಜೋಡುಕರೆ ಕಂಬಳ ನೋಡಿದವರಿಗೆ ನಿಯಮ ಹೇಳಿಕೊಡಬೇಕಾಗಿಯೇ ಇಲ್ಲ. ಕಾರಿನ ಮೇಲೆ ಹತ್ತಿಸುವ ಹುಚ್ಚು ಅಮೆರಿಕದ್ದು. ಮಿಸೌರಿಯ ಬಾಬ್ ಚಾಂಡ್ಲರ್ 1981ರಲ್ಲಿ ಬಿಗ್‌ಫುಟ್ ಎಂಬ ತನ್ನ ನಿಜವಾದ ಟ್ರಕ್ಕನ್ನು ಹಳೇ ಕಾರುಗಳ ಮೇಲೆ ಓಡಿಸಿದ. ಜಪಾನಿನ ತಮಿಯ ಕಂಪನಿ 1987ರಲ್ಲಿ ಕ್ಲಾಡ್ ಬಸ್ಟರ್ ಎಂಬ ಆರ್‌ಸಿ ಕಿಟ್ ತಂದಿತು. ಎರಡು ಆಕ್ಸಲ್‌ಗೆ ಎರಡು ಮೋಟಾರ್, ನಾಲ್ಕೂ ಚಕ್ರಕ್ಕೆ ಸ್ಟಿಯರಿಂಗ್. ಇವತ್ತಿಗೂ ಅದನ್ನು ಬಿಚ್ಚಿ ಮಾರ್ಪಡಿಸುವವರಿದ್ದಾರೆ.

ಪದವಿನಲ್ಲಿ ನಿಮ್ಮ ವಾಟರ್‌ಪ್ರೂಫ್‌ಗೆ ನಿಜವಾದ ಕೆಲಸವೂ ಇದೆ. ಜೂನ್‌ನಲ್ಲಿ ಮುರಕಲ್ಲಿನ ಗುಂಡಿಗಳೆಲ್ಲ ತುಂಬಿರುತ್ತವೆ. ಅದು ಮಳೆನೀರು, ಉಪ್ಪಿಲ್ಲ. ಕೊಡೆ ಹಿಡಿದುಕೊಂಡು ಎಷ್ಟು ಬೇಕಾದರೂ ಹಾರಿಸಿ. ಮನೆಗೆ ಬಂದು ತೊಳೆದು ಫ್ಯಾನಿನ ಕೆಳಗಿಟ್ಟರೆ ಸಾಕು.

ಬೀಚಿಗೆ ಹೋಗಿಯೇ ಸಿದ್ಧ ಎಂದಾದರೆ ಕೊನೆಯದಾಗಿ ಬಾಡಿ ಪಿನ್. ನನ್ನ ಈಗಿನ ಟ್ರಕ್ಕಿಗೆ ಹುಲಿವೇಷದ ಬಣ್ಣ. ಲೆಕ್ಸಾನ್ ಎಂಬ ಪಾರದರ್ಶಕ ಪ್ಲಾಸ್ಟಿಕ್ಕಿನ ಬಾಡಿಗೆ ಒಳಗಿನಿಂದ ಬಣ್ಣ ಹಚ್ಚುವುದಾದ್ದರಿಂದ ಕಪ್ಪು ಪಟ್ಟೆ ಮೊದಲು, ಹಳದಿ ಆಮೇಲೆ. ನಾನು ಉಲ್ಟಾ ಮಾಡಿ ಒಂದು ಬಾಡಿ ಪೂರಾ ಹಳದಿಯಾಗಿ ಕೆಡಿಸಿದ್ದೇನೆ. ಆ ಬಾಡಿಯನ್ನು ಹಿಡಿದಿಡುವುದು ಬೆಂಡೋಲೆಯಷ್ಟು ಸಣ್ಣ ನಾಲ್ಕು ತಂತಿ ಪಿನ್. ಮರಳಿಗೆ ಬಿದ್ದರೆ ಸಿಗುವುದಿಲ್ಲ. ಪ್ರತಿ ಪಿನ್ನಿಗೂ ಕೆಂಪು ಉಲ್ಲನ್ ದಾರ ಕಟ್ಟಿ, ದಾರದ ಇನ್ನೊಂದು ತುದಿಯನ್ನು ಬಾಡಿಗೆ ಬಿಗಿಯಿರಿ. ಜೇಬಿನಲ್ಲಿ ಇನ್ನೂ ನಾಲ್ಕು ಇರಲಿ.